ಗಂಗವ್ವನ ಅರ್ಧ ತೊಟ್ಟಿಲು

2022ರ ಬೇಸಿಗೆ. ಹಾನಗಲ್ಲಿನಲ್ಲಿ ಚರ್ಮರೋಗ ವೈದ್ಯೆಯಾಗಿ ನನಗದು ಹತ್ತೊಂಬತ್ತನೆಯ ವರ್ಷ. ಕ್ಲಿನಿಕ್ ಇಲ್ಲಿಯದೇ ಆದರೂ ವಾರದಲ್ಲಿ ಮೂರು ದಿನ ನಾನು ಊರಲ್ಲಿರುತ್ತಿರಲಿಲ್ಲ. ಮಂಗಳವಾರ ಶಿಗ್ಗಾವಿ, ಗುರುವಾರ ಸವಣೂರು, ಶನಿವಾರ ಹಿರೇಕೆರೂರು. ಮೂರೂ ಕಡೆ ಔಷಧ ಅಂಗಡಿಯ ಹಿಂದಿನ ಒಂದು ಕೋಣೆ, ಒಂದು ಮೇಜು, ಹೊರಗೆ ಬೆಂಚು. ಕಜ್ಜಿ, ಹುಳುಕಡ್ಡಿ, ಬಂಗು. ಊರು ಬದಲಾದರೂ ಕಾಯಿಲೆ ಬದಲಾಗುತ್ತಿರಲಿಲ್ಲ, ನನಗೂ ಒಂದಿಷ್ಟು ಬೇಸರ ಬಂದಿತ್ತು.

ಆ ಬೇಸರಕ್ಕೆ ಮದ್ದಾಗಿ ಹಿಂದಿನ ವರ್ಷ ಹಾನಗಲ್ಲಿನ ಕ್ಲಿನಿಕ್ಕಿಗೆ ಒಂದು ರೇಡಿಯೋ ಫ್ರೀಕ್ವೆನ್ಸಿ ಯಂತ್ರ ತಂದಿದ್ದೆ. ಆಪರೇಷನ್ ಇಲ್ಲದೆ ಸಡಿಲ ಚರ್ಮವನ್ನು ಬಿಗಿ ಮಾಡುವ ಸಾಧನ ಅದು. ಚರ್ಮದ ಒಳಪದರಕ್ಕೆ ಕಾವು ಕೊಡುತ್ತದೆ. ಆ ಕಾವಿಗೆ ಅಲ್ಲಿರುವ ಕೊಲಾಜನ್ ಎಂಬ ನಾರು ತುಸು ಮುದುಡುತ್ತದೆ, ಮುಂದಿನ ತಿಂಗಳುಗಳಲ್ಲಿ ಹೊಸ ನಾರು ಬೆಳೆಯುತ್ತದೆ. ಇದರಂತೆಯೇ ಅಲ್ಟ್ರಾಸೌಂಡ್ ಅಲೆಯಿಂದ ಮಾಡುವುದುಂಟು, ಅದು ಇನ್ನೂ ಆಳಕ್ಕೆ ಇಳಿಯುತ್ತದೆ. ಬೆಳಕಿನಿಂದ, ಅಂದರೆ ಲೇಸರಿನಂಥ ಯಂತ್ರಗಳಿಂದ ಮಾಡುವುದೂ ಉಂಟು. ಯಾವುದೇ ಆದರೂ ಫಲ ಸಾಧಾರಣ. ಅರವತ್ತರ ಚರ್ಮವನ್ನು ಮೂವತ್ತಕ್ಕೆ ಒಯ್ಯುವ ಯಂತ್ರ ಇನ್ನೂ ಬಂದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಯಂತ್ರ ಕೊಂಡವರ ಕಣ್ಣಿಗೆ ಎದುರು ಕುಳಿತ ಎಲ್ಲರ ಚರ್ಮವೂ ಸಡಿಲವಾಗಿಯೇ ಕಾಣುತ್ತದೆ.

ಒಂದು ಸೋಮವಾರ ತಿಳವಳ್ಳಿಯಿಂದ ಗಂಗವ್ವ ಬಂದರು. (ಹೆಸರು ಬದಲಿಸಿದ್ದೇನೆ.) ವಯಸ್ಸು ಅರವತ್ತೆರಡು, ಮೈಗೆ ಇಳಕಲ್ ಸೀರೆ, ಆ ಬಿಸಿಲಿನಲ್ಲೂ ಮಣಿಕಟ್ಟಿನವರೆಗೆ ತೋಳಿರುವ ಕುಪ್ಪಸ, ಕೈ ತುಂಬ ಹಸಿರು ಬಳೆ. ಸಕ್ಕರೆ ಕಾಯಿಲೆಯಿಂದ ಎರಡು ವರ್ಷದಲ್ಲಿ ಹದಿನೆಂಟು ಕಿಲೋ ಇಳಿದಿದ್ದರು. ಕೈಯ ಚರ್ಮ ಜೋತಿದೆ, ಬಿಗಿಯಾಗಬೇಕು ಎಂದು ಕುಳಿತವರೇ ಮೊಬೈಲ್ ತೆಗೆದು ನಗರದ ಯಾವುದೋ ಸೌಂದರ್ಯ ಕೇಂದ್ರದ ಜಾಹೀರಾತು ತೋರಿಸಿದರು. ಲೇಸರ್ ಬೆಳಕಿನಿಂದ ಚರ್ಮ ಬಿಗಿ, ಆರು ಸಿಟ್ಟಿಂಗ್, ಮೂವತ್ತಾರು ಸಾವಿರ, ಈ ವಾರ ಹಣ ಕಟ್ಟಿದರೆ ಇಪ್ಪತ್ನಾಲ್ಕು. ಅಲ್ಲಿಯವರು ಇವರ ಕೈಯನ್ನು ನೋಡಿಯೇ ಇರಲಿಲ್ಲ, ಎಲ್ಲ ಮಾತೂ ಫೋನಿನಲ್ಲೇ ಮುಗಿದಿತ್ತು.

"ಅವರು ಇಪ್ಪತ್ನಾಕ ಅಂತಾರ. ನೀವು ಎಷ್ಟಕ್ಕ ಮಾಡ್ತೀರಿ ಬಾಯಾರ?" ಎಂದು ಸಂತೆಯಲ್ಲಿ ಬದನೆಕಾಯಿ ಕೇಳಿದಂತೆ ಕೇಳಿದರು.

ನನ್ನಲ್ಲಿ ಒಂದು ಸಿಟ್ಟಿಂಗಿಗೆ ಮೂರೂವರೆ ಸಾವಿರ, ನಾಲ್ಕಾದರೂ ಬೇಕು ಎಂದೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ಕೈ ಮುಟ್ಟಿ ನೋಡದೆ ದರ ಹೇಳುವವರನ್ನು ನಂಬಬೇಡಿ ಎಂದು ದೊಡ್ಡದಾಗಿ ಬುದ್ಧಿಯನ್ನೂ ಹೇಳಿದೆ. ನಾನು ಮಾತ್ರ ಕುಪ್ಪಸದ ಬಟ್ಟೆಯ ಮೇಲಿಂದಲೇ ಮುಂಗೈ ಚಿವುಟಿ ನೋಡಿ ಮಾಡೋಣ ಅಂದಿದ್ದೆ! ಹೊರಗೆ ಮೂವತ್ತು ಮಂದಿ ಕಾದಿದ್ದರು, ಅವಸರವಿತ್ತು.

"ಎಲ್ಲರೂ ಮುಖಕ್ಕ ಮಾಡಿಸ್ತಾರ. ನಿಮಗ ಕೈಗೇ ಯಾಕವ್ವಾ? ಮೊಮ್ಮಗಳ ಲಗ್ನದಾಗ ಕೈ ಬೀಸಿ ಕುಣೀಬೇಕಂತ ಮಾಡೀರೇನು?" ಎಂದು ಚೇಷ್ಟೆ ಮಾಡಿದೆ.

"ಮುಖ ಹೆಂಗರ ಇರ್ಲಿ ಬಿಡ್ರಿ. ಬಲಗೈ ಒಂದ ಮೊದಲಿನಂಗಾದ್ರ ಸಾಕು."

ಅಲ್ಲೇ ನಿಂತು ಯಾಕೆ ಎಂದು ಇನ್ನೊಮ್ಮೆ ಕೇಳಬೇಕಿತ್ತು. ಕೇಳಲಿಲ್ಲ. ಬುಧವಾರ ಬನ್ನಿ ಎಂದು ಕಳಿಸಿದೆ.

ಬುಧವಾರ ನರ್ಸ್ ಶೋಭಾ ಸಾಬೂನು ಹಚ್ಚಿ ಬಳೆ ಜಾರಿಸಿ, ಕುಪ್ಪಸದ ತೋಳನ್ನು ಮೊಣಕೈವರೆಗೆ ಮಡಚಿದಳು. ಮುಂಗೈಯ ಒಳಮೈ ತುಂಬ ಹಚ್ಚೆ. ನೆರಿಗೆಗಳ ನಡುವೆ ಸಿಕ್ಕಿ ಏನು ಚಿತ್ರವೆಂದೇ ತಿಳಿಯದಷ್ಟು ಮುದುಡಿದ ಹಸಿರು ಗೆರೆಗಳು. ಪೇಟೆಯ ಹುಡುಗಿಯರು ನಕ್ಕಾರೆಂದು ಇಷ್ಟು ದಿನ ಉದ್ದ ತೋಳಿನ ಕುಪ್ಪಸದೊಳಗೆ ಮುಚ್ಚಿಟ್ಟುಕೊಂಡಿದ್ದರಂತೆ.

ನನಗೆ ನಗರದವರ ಆ ಲೇಸರ್ ಜಾಹೀರಾತು ನೆನಪಾಯಿತು. ಹಚ್ಚೆಯ ಬಣ್ಣ ಲೇಸರಿನ ಬೆಳಕನ್ನು ಹೀರಿಕೊಳ್ಳುತ್ತದೆ. ಆಗ ಚರ್ಮ ಸುಡುತ್ತದೆ, ಹಚ್ಚೆ ಮಾಸುತ್ತದೆ. ಹಚ್ಚೆ ಅಳಿಸಲು ನಾವು ಬಳಸುವುದೂ ಲೇಸರನ್ನೇ. ನನ್ನ ಯಂತ್ರ ಬೆಳಕಿನದಲ್ಲ, ಆದರೂ ಹಚ್ಚೆಯ ಮೇಲೆ ಅದನ್ನು ಆಡಿಸುವುದು ತರವಲ್ಲ. ಇಷ್ಟನ್ನು ವಿವರಿಸಿ ಸುಮ್ಮನಾಗಬಹುದಿತ್ತು. ಕೆಲಸಕ್ಕೆ ಸೇರುವ ಮುಂಚೆ, ಮದುವೆಗೆ ಮುಂಚೆ ಹಚ್ಚೆ ತೆಗೆಸಲು ಬರುವವರನ್ನೇ ನೋಡಿ ನೋಡಿ ನನಗೆ ಅದೇ ರೂಢಿಯಾಗಿತ್ತು. "ಮೊದಲು ಈ ಹಚ್ಚಿ ತಗಿಸಿಬಿಡ್ರಿ, ಆಮ್ಯಾಲೆ ಬಿಗಿ ಮಾಡೂಣು" ಎಂದುಬಿಟ್ಟೆ.

ಗಂಗವ್ವ ಥಟ್ಟನೆ ಕೈ ಎಳೆದುಕೊಂಡರು.

"ಸತ್ತಾಗ ಮೈಮ್ಯಾಲಿನ ಬಂಗಾರ ಮಂದಿ ಬಿಚ್ಚಿಗೋತಾರ, ಹಚ್ಚಿ ಒಂದ ಸಂಗಾಟ ಬರೂದು ಅಂತಿದ್ಲು ನಮ್ಮವ್ವ. ಅದನ್ನ ತಗೀತೇನಿ ಅಂತೀರಲ್ರಿ ಬಾಯಾರ. ಇದರ ಸಲುವಾಗೇ ನಾ ಬಂದೇನಿ."

ಆಮೇಲೆ ವಿಷಯ ಹೊರಬಿತ್ತು. ಗಂಗವ್ವನಿಗೆ ಒಂಬತ್ತು ವರ್ಷವಿದ್ದಾಗ ಅಕ್ಕ ಸಿದ್ದವ್ವನಿಗೆ ಹಂಸಭಾವಿಯಲ್ಲಿ ಮದುವೆ ಗೊತ್ತಾಯಿತು. ಅಕ್ಕ ಹೋಗುತ್ತಾಳೆಂದು ತಂಗಿ ಅನ್ನ ಬಿಟ್ಟಳು. ಅವರವ್ವ ಹಚ್ಚೆ ಹಾಕುವವಳನ್ನು ಕರೆಸಿ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿದಳು. ಅಕ್ಕನ ಎಡಗೈ, ತಂಗಿಯ ಬಲಗೈ ಜೋಡಿಸಿ, ಎರಡಕ್ಕೂ ಸೇರಿಸಿ ಒಂದೇ ತೊಟ್ಟಿಲು ಹಾಕಿಸಿದಳು. ಅರ್ಧ ಅವಳ ಕೈಮೇಲೆ, ಅರ್ಧ ಇವಳ ಕೈಮೇಲೆ. ಪ್ರತಿ ನಾಗರಪಂಚಮಿಗೆ ಸಿದ್ದವ್ವ ತವರಿಗೆ ಬಂದಾಗ ಜೋಕಾಲಿ ಏರುವ ಮುಂಚೆ ಕೈಗೆ ಕೈ ಹಚ್ಚಿ ತೊಟ್ಟಿಲು ಕೂಡಿಸಿ ನೋಡುವುದು ಅವರ ರೂಢಿ.

ಈಗ ಸಿದ್ದವ್ವನಿಗೆ ಅರವತ್ತೊಂಬತ್ತು, ಮರೆವಿನ ಕಾಯಿಲೆ. ಮಗನ ಹೆಸರೂ ನೆನಪಿಲ್ಲ. ಆದರೂ ತೊಟ್ಟಿಲು ಕೂಡಿದ ಕೂಡಲೇ ತಂಗಿಯನ್ನು ಗುರುತಿಸುತ್ತಿದ್ದರು. ಗಂಗವ್ವ ಸೊರಗಿ ಚರ್ಮ ಜೋತ ಮೇಲೆ ಅದೂ ನಿಂತುಹೋಯಿತು.

"ಹ್ವಾದ ತಿಂಗಳ ಹೋಗಿದ್ನಿ. ಕೈ ಕೂಡ್ಸಿದೆ, ತೊಟ್ಲಾ ಕೂಡವಲ್ತು. ಇದು ನಮ್ಮ ಗಂಗೂನ ಕೈ ಅಲ್ಲ ಅಂತ ದೂಡಿದ್ಲ್ರಿ. ಒಮ್ಮೆ, ಒಂದ ಸಲ ಆಕಿ ನನ್ನ ಗಂಗೂ ಅನ್ಲಿ. ಅಷ್ಟರ ಸಲುವಾಗಿ ಇಪ್ಪತ್ನಾಕ ಸಾವಿರ ಅಲ್ಲ, ಮೈಮ್ಯಾಲಿಂದೆಲ್ಲಾ ಕೊಟ್ಟೇನು."

ನನಗೆ ನಾಚಿಕೆಯಾಯಿತು. ಆ ಹಚ್ಚೆಯನ್ನಾದರೂ ಸರಿಯಾಗಿ ನೋಡೋಣವೆಂದು ಅವರ ಕೈ ಹಿಡಿದೆ. ಚರ್ಮದ ವೈದ್ಯರು ಕಲೆಯೋ ಮಚ್ಚೆಯೋ ನೋಡುವಾಗ ಮೊದಲು ಮಾಡುವ ಕೆಲಸ ಹೆಬ್ಬೆರಳು, ತೋರುಬೆರಳು ಅಗಲಿಸಿ ಚರ್ಮವನ್ನು ಎಳೆದು ಹಿಡಿಯುವುದು. ದಿನಕ್ಕೆ ನೂರು ಸಲ ಮಾಡುತ್ತೇವೆ. ಹಾಗೆ ಎಳೆದೆ. ನೆರಿಗೆ ಬಿಚ್ಚಿತು. ಒಂದು ಹಗ್ಗ, ಅರ್ಧ ತೊಟ್ಟಿಲು, ಅಂಚಿನಲ್ಲಿ ಮೂರು ಚುಕ್ಕಿ ಸ್ಪಷ್ಟವಾಗಿ ಎದ್ದು ಬಂದವು.

ನಾನೂ ಗಂಗವ್ವನೂ ಒಬ್ಬರ ಮುಖ ಒಬ್ಬರು ನೋಡಿದೆವು.

ಆ ಶನಿವಾರ ಹಿರೇಕೆರೂರಿನಲ್ಲಿ ಎರಡು ಗಂಟೆಗೆ ಕೆಲಸ ಮುಗಿಸಿ ನೇರ ಹಂಸಭಾವಿಗೆ ಹೋದೆ. ಗಂಗವ್ವ ಮುಂಚೆಯೇ ಬಂದು ಕಾದಿದ್ದರು. ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದ ಸಿದ್ದವ್ವ ತಂಗಿಯನ್ನು ನೋಡಿ, "ಯಾರ್ಬೇ ನೀ? ಜಾಗಾ ಬಿಟ್ಟ ಕುಂದ್ರು" ಎಂದರು. ಸೊಸೆ ಸಮಾಧಾನ ಹೇಳಿ ಅಕ್ಕತಂಗಿಯರ ಕೈ ಪಕ್ಕಪಕ್ಕಕ್ಕೆ ಇರಿಸಿದಳು. ನಾನು ನೆಲದ ಮೇಲೆ ಕುಳಿತು ಎಡಗೈಯಲ್ಲಿ ಒಬ್ಬರ ಚರ್ಮ, ಬಲಗೈಯಲ್ಲಿ ಇನ್ನೊಬ್ಬರ ಚರ್ಮ ಎಳೆದು ಹಿಡಿದೆ. ಒಂದೆರಡು ಸಲ ತಪ್ಪಿತು. ಮೂರನೆಯ ಸಲ ಗೆರೆಗೆ ಗೆರೆ ಕೂಡಿ ತೊಟ್ಟಿಲು ಪೂರ್ತಿಯಾಯಿತು.

ಸಿದ್ದವ್ವ ಬಹಳ ಹೊತ್ತು ನೋಡಿದರು. ತಮ್ಮ ಕೈಮೇಲಿನ ಹಗ್ಗದಿಂದ ಬೆರಳು ಆಡಿಸುತ್ತ ಬಂದು, ತೊಟ್ಟಿಲ ಅಂಚು ದಾಟಿ, ತಂಗಿಯ ಕೈಮೇಲೆ ನಿಲ್ಲಿಸಿದರು.

"ಸೂಜಿ ಚುಚ್ಚೂಮುಂದ ಭಾಳ ಅತ್ತಿದ್ದಿ ಗಂಗೂ. ಇನ್ನೂ ನೋಯ್ತೇತೇನು?"

"ನೋಯ್ತೇತಿ ಅಕ್ಕಾ" ಎಂದರು ಗಂಗವ್ವ. ನನ್ನ ಕಡೆ ತಿರುಗದೆಯೇ, "ಬಿಡಬ್ಯಾಡ್ರಿ ಬಾಯಾರ, ಇನ್ನೊಂದ ಗಳಿಗಿ ಹಿಡಕೋರಿ" ಎಂದರು.

ಬೆರಳು ಸೋತು ಚರ್ಮ ಜಾರಿದ ಮೇಲೆ ಸಿದ್ದವ್ವ ಮತ್ತೆ ಅಪರಿಚಿತರಂತೆ ನಮ್ಮನ್ನೆಲ್ಲ ನೋಡಿ, ಬಂದವರಿಗೆ ಚಹಾ ಕೊಡಿ ಎಂದು ಸೊಸೆಗೆ ಹೇಳಿದರು. ಹಿಡಿಯುವ ಬಗೆಯನ್ನು ಸೊಸೆಗೆ ಕಲಿಸಿ ಬಂದೆ. ಆಮೇಲೆ ಕೆಲವು ಸಲ ತೊಟ್ಟಿಲು ಕೂಡಿತಂತೆ, ಕೆಲವು ಸಲ ಕೂಡಿದರೂ ಗುರುತು ಹತ್ತಲಿಲ್ಲವಂತೆ.

ಯಂತ್ರ ಈಗಲೂ ನನ್ನಲ್ಲಿದೆ, ಬೇಕಾದವರಿಗೆ ಮಾಡುತ್ತೇನೆ. ಆದರೆ ದರ ಹೇಳುವ ಮೊದಲು ಬಟ್ಟೆ ಸರಿಸಿ ನೋಡುತ್ತೇನೆ, ಯಾರಿಗಾಗಿ ಈ ಬಿಗಿ ಎಂದು ಕೇಳುತ್ತೇನೆ. ಅರ್ಧ ಜನ ಆ ಮಾತಿಗೇ ಕಣ್ಣು ತುಂಬಿಕೊಳ್ಳುತ್ತಾರೆ. ಹತ್ತೊಂಬತ್ತು ವರ್ಷ ಚರ್ಮ ನೋಡಿಯೂ ನಾನು ಕಲಿಯದಿದ್ದ ಪಾಠ ಅದು, ತಡವಾಗಿ ಕಲಿತೆ.

ಮರುವರ್ಷ ಸಿದ್ದವ್ವ ತೀರಿಕೊಂಡರು. ತಿಂಗಳಾದ ಮೇಲೆ ಒಂದು ಸೋಮವಾರ ಗಂಗವ್ವ ಬಂದು, ಸರದಿಯಲ್ಲಿ ಕಾದು, ಒಳಬಂದು ಮೇಜಿನ ಮೇಲೆ ಬಲಗೈ ಚಾಚಿದರು. ಬಳೆಯನ್ನೂ ಕುಪ್ಪಸದ ತೋಳನ್ನೂ ತಾವೇ ಹಿಂದೆ ಸರಿಸಿಕೊಂಡಿದ್ದರು.

"ಒಮ್ಮೆ ಹಿಡೀರಿ ಬಾಯಾರ."

ಹಿಡಿದೆ. ಅವರು ತಮ್ಮ ಅರ್ಧ ತೊಟ್ಟಿಲ ಮೇಲೆ ಬೆರಳು ಆಡಿಸುತ್ತ ಬಂದರು. ಗೆರೆ ಮುಗಿದ ಮೇಲೂ ಬೆರಳು ನಿಲ್ಲಲಿಲ್ಲ, ಕೈ ದಾಟಿ ಬರಿಯ ಮೇಜಿನ ಮೇಲೆ ಒಂದು ಗೇಣು ಹೋಯಿತು.

"ಇನ್ನರ್ಧ ಆಕಿ ಒಯ್ದಾಳ್ರಿ" ಎಂದರು.

ಹೊರಗೆ ಮಂದಿ ಕಾಯುತ್ತಿದ್ದರು. ಅವರಾಗಿಯೇ ಸಾಕು ಅನ್ನುವವರೆಗೂ ನಾನು ಬೆರಳು ಬಿಡಲಿಲ್ಲ.