ಯುಗೆಟ್ ಕುಣಿದ ಹಬ್ಬ

ಯುಗೆಟ್ ಹುಟ್ಟಿದ್ದು ಮಾರ್ನ್ ಹೊಳೆಯ ಎಡದಂಡೆಯಲ್ಲಿ. ಬಟ್ಟೆ ಒಗೆಯುವ ದೋಣಿಯಲ್ಲೇ ಹುಟ್ಟಿದಳು ಎಂದರೂ ನಡೆದೀತು. ಅವಳ ತಾಯಿ ಪ್ಯಾರಿಸ್ಸಿನ ದೊಡ್ಡಮನೆಗಳ ಹಾಸಿಗೆ ಬಟ್ಟೆಯನ್ನೆಲ್ಲ ಆ ದೋಣಿಯಲ್ಲಿ ಬಡಿದು ಬೆಳ್ಳಗೆ ಮಾಡಿದವಳು, ಮಗಳನ್ನೂ ಬಡಿಯಲು ಹಚ್ಚಿದವಳು. ಆಮೇಲೆ ರೈಲು ಬಂತು, ರೈಲಿನ ಹಿಂದೆ ಭಾನುವಾರದ ಜನ ಬಂದರು. ನಮ್ಮೂರ ದಂಡೆಯುದ್ದಕ್ಕೂ ಕುಣಿತದ ಹೋಟೆಲುಗಳು ಎದ್ದವು. ಯುಗೆಟ್ ಒಗೆತ ಬಿಟ್ಟು ಬಾಣಲೆ ಹಿಡಿದಳು. ಬೆರಳುದ್ದದ ಮೀನನ್ನು ಹಿಟ್ಟಿನಲ್ಲಿ ಹೊರಳಿಸಿ ಅವಳು ಕರಿದರೆ, ಹೊಟ್ಟೆ ತುಂಬಿದವನೂ ಮತ್ತೊಂದು ತಟ್ಟೆ ಕೇಳುತ್ತಿದ್ದ.

ಆ ಕೈರುಚಿಯೇ ಅವಳಿಗೆ ಮುಳುವಾಯಿತು ನೋಡಿ. ಊರಹಬ್ಬದ ದಿನ ಎರಡು ದಂಡೆಯವರು ದೋಣಿಗಳ ಮೇಲೆ ನಿಂತು, ಉದ್ದನೆಯ ಗಳದಿಂದ ಒಬ್ಬರನ್ನೊಬ್ಬರು ನೀರಿಗೆ ತಳ್ಳುವ ಪಂದ್ಯ. ಸೋತ ದಂಡೆಯವರು ಗೆದ್ದವರಿಗೆ ಮೀನು ಕರಿದು ಬಡಿಸಬೇಕು. ಎಡದಂಡೆ ಪ್ರತಿವರ್ಷ ಸೋಲುತ್ತಿತ್ತು, ಸಂಜೆ ಊರೆಲ್ಲ ಕುಣಿಯುವಾಗ ಒಲೆಯ ಭಾರ ಪ್ರತಿವರ್ಷ ಯುಗೆಟ್ ತಲೆಗೇ ಬೀಳುತ್ತಿತ್ತು. ಸೋಲಿಸುತ್ತಿದ್ದವನಾದರೂ ಯಾರು? ಅವಳ ಗಂಡ ಗಾಸ್ತೋನ್! ಮನೆಅಳಿಯನಾಗಿ ಈ ದಂಡೆಯ ಅನ್ನ ತಿನ್ನುತ್ತಿದ್ದರೂ, ಹಬ್ಬದ ದಿನ ಮಾತ್ರ ಹುಟ್ಟಿದ ಬಲದಂಡೆಗೆ ಹಾರಿಬಿಡುತ್ತಿದ್ದ, ಪುಣ್ಯಾತ್ಮ.

"ಹಬ್ಬದ ದಿನ ಒಂದೇ ಒಂದ್ಸಲ ನಿಮ್ಮ ಜೊತೆ ಕುಣೀಬೇಕು ಅಂತ ಆಸೆ ಕಣ್ರೀ. ಈ ಸಲ ಬಿದ್ದುಬಿಡಿ," ಎಂದು ಅವಳು ಅಂಗಲಾಚಿದರೆ, "ಬಿದ್ರೆ ನಮ್ಮಪ್ಪನ ಮರ್ಯಾದೆ ಏನಾಗ್ಬೇಕೇ?" ಎಂದು ಮೀಸೆ ತಿರುವುತ್ತಿದ್ದ.

ಒಂದು ವರ್ಷ ಹಬ್ಬದ ಬೆಳಿಗ್ಗೆಯೇ ಎಡದಂಡೆಯ ಪರವಾಗಿ ಗಳ ಹಿಡಿಯಬೇಕಾದ ಜಟ್ಟಿ ಸೊಂಟ ಉಳುಕಿಸಿಕೊಂಡ. ಗಂಡಸರೆಲ್ಲ ಮುಖ ಮುಖ ನೋಡುತ್ತಿದ್ದಾಗ ಯುಗೆಟ್ ಏಪ್ರನ್ ಬಿಚ್ಚಿ ಎಸೆದು, ಗಳ ಹಿಡಿದು ದೋಣಿ ಹತ್ತಿದಳು.

"ಲೇ, ಇಳಿಯೇ ಕೆಳಗೆ! ಅದೇನು ಸೌಟು ಅಂದ್ಕೊಂಡ್ಯಾ?" ಎಂದು ಗಾಸ್ತೋನ್ ಎದುರು ದೋಣಿಯಿಂದ ನಕ್ಕ.

"ಬಾಯಿ ಮುಚ್ಕೊಂಡು ಗಟ್ಟಿಯಾಗಿ ನಿಂತ್ಕೊಳ್ಳಿ. ಆಮೇಲೆ, ಹೆಂಡ್ತಿ ಅಂತ ಬಿಟ್ಕೊಟ್ಟೆ ಅನ್ನಬೇಡಿ!"

ಒದ್ದೆ ಬಟ್ಟೆ ಎತ್ತಿ ಎತ್ತಿ ಬಡಿದು ಬಲಿತ ತೋಳು ಸುಮ್ಮನೆ ಬಿಟ್ಟೀತೇ? ಗಾಸ್ತೋನ್ ಮೀಸೆಸಮೇತ ದಬಕ್ಕನೆ ಹೊಳೆಗೆ ಬಿದ್ದ. ಎಡದಂಡೆಯವರು ಕುಣಿದು ಕುಪ್ಪಳಿಸಿದರು.

ಕುಣಿತಕ್ಕೆ ಅಕಾರ್ಡಿಯನ್ ವಾದ್ಯ ಶುರುವಾಯಿತು. ಯುಗೆಟ್ ಕೈ ಹಿಡಿಯಲು ಗಂಡಸರು ನಾ ಮುಂದು ತಾ ಮುಂದು ಎಂದು ಬಂದರು. ಅವಳಿಗೆ ಬೇಕಾದವನು ಮಾತ್ರ ಬರುವಂತಿರಲಿಲ್ಲ. "ಬಿದ್ದವನೇ ಕರೀಲಿ," ಎಂದು ಬಲದಂಡೆಯ ಹೆಂಗಸರು ಕೈಕಟ್ಟಿ ಕೂತಿದ್ದರಿಂದ, ಗಾಸ್ತೋನ್ ನೀರು ತೊಟ್ಟಿಕ್ಕಿಸುತ್ತಾ ಒಲೆಯ ಮುಂದೆ ಮೀನು ಸೀಯಿಸುತ್ತಿದ್ದ. ಅಯ್ಯೋ, ಗೆದ್ದೂ ಕೆಟ್ಟೆನಲ್ಲ ಎಂದು ಅವಳಿಗೆ ಅಳುವೇ ಬಂತು.

ಅಳಲಿಲ್ಲ. ನೆಟ್ಟಗೆ ಹೋಗಿ ಬಾಣಲೆಯನ್ನು ಒಲೆಯಿಂದ ಇಳಿಸಿಬಿಟ್ಟಳು.

"ಏ ಯುಗೆಟ್! ನಮ್ಮ ಮೀನು?" ಎಂದು ಅವಳ ದಂಡೆಯವರೇ ಬೊಬ್ಬೆ ಹೊಡೆದರು.

"ಒಂದು ಹಾಡು ಮುಗಿಯೋ ತನಕ ಹಸ್ಕೊಂಡಿದ್ರೆ ಯಾರೂ ಸಾಯಲ್ಲ!"

"ಲೇ, ನಾನು ಪೂರ್ತಿ ಒದ್ದೆ ಕಣೇ," ಎಂದ ಗಾಸ್ತೋನ್.

"ಒದ್ದೆ ಬಟ್ಟೆ ನನಗೇನು ಹೊಸದೇ? ಬನ್ರೀ."

ಒಂದು ಹಾಡಿಗೆ ನಿಲ್ಲಲಿಲ್ಲ ಇಬ್ಬರೂ. ಗೆದ್ದ ದಂಡೆಯವರು ಅವತ್ತು ಬರೀ ಬ್ರೆಡ್ಡು ತಿಂದು ಮನೆಗೆ ಹೋದರು.