ಲೇಔಟಿಗೆ ಜನ ತಂದ ಅಜ್ಜಿ

ಗುಂಡ್ಲುಪೇಟೆಯಾಚೆ ಹಂಗಳದ ರಸ್ತೆಯಲ್ಲಿರುವ ನಮ್ಮ ಲೇಔಟಿನ ಸಂಘಕ್ಕೆ ನಾನೇ ಅಧ್ಯಕ್ಷ. ಕಮಾನು, ಪಾರ್ಕಿನ ಬೋರ್ಡು, ದೂರದ ಗೋಪಾಲಸ್ವಾಮಿ ಬೆಟ್ಟ ಎಲ್ಲವನ್ನೂ ಬಂದವರಿಗೆ ತೋರಿಸಿ ಬೀಗುತ್ತಿದ್ದೆ. ಎದುರು ಹೊಲದ ಅಜ್ಜಿ ಸೊಪ್ಪು ಕೊಡಲು ಬಂದಾಗಲೆಲ್ಲ ಸೊಂಟದ ಮೇಲೆ ಕೈಯಿಟ್ಟು, "ಎಲ್ಲಾ ಅದೆ ಕಣಪ್ಪ, ಜನವೇ ಇಲ್ವಲ್ಲ!" ಎನ್ನುತ್ತಿದ್ದರು.

ಮಗಳ ಸೀಮಂತಕ್ಕೆ, "ಪೇಟೆಯವರನ್ನು ಕರೆಯಬೇಡ, ಲೇಔಟಿನವರೇ ಸಾಕು" ಎಂದು ಹೆಂಡತಿಗೆ ಜಂಬದಿಂದ ಹೇಳಿದ್ದೆ. ಸಂಜೆ ಆರತಿಗೆ ಐವರು ಮುತ್ತೈದೆಯರನ್ನು ಹುಡುಕಿ ಹೊರಟ ಅಧ್ಯಕ್ಷರಿಗೆ ಸಿಕ್ಕಿದ್ದು ಬೀಗ ಹಾಕಿದ ಮನೆಗಳು, ಖಾಲಿ ಸೈಟುಗಳು, ಎರಡು ನಾಯಿಗಳು. ಮಗಳ ಕಣ್ಣು ತುಂಬಿತು.

ಸೀಮಂತಕ್ಕೆ ಸೊಪ್ಪು ತಂದಿದ್ದ ಅಜ್ಜಿ ಅದನ್ನು ನೋಡಿ ರಸ್ತೆಗೆ ಹೋಗಿ, ಕೂಲಿ ಮುಗಿಸಿ ಹೊರಟ ಹೆಂಗಸರ ಆಟೋ ತಡೆದರು.

"ಇಳೀರಮ್ಮಿ, ಬಸ್ರಿ ಎಣ್ಗೆ ಆರ್ತಿ ಎತ್ಬುಟ್ಟು ಓಗಿ!"

ಟೊಮೆಟೊ ಕಿತ್ತು ಕರೆ ಹಿಡಿದ ಕೈಗಳು ಮಗಳಿಗೆ ಬಳೆ ತೊಡಿಸಿದವು. ಅವರೆಲ್ಲ ಹೊರಟ ಮೇಲೆ ಅಜ್ಜಿ ನನ್ನತ್ತ ತಿರುಗಿದರು:

"ನೋಡಪ್ಪ ಅಧ್ಯಕ್ಸ, ನಿನ್ ಲೇಔಟ್ನ ಜನವೆಲ್ಲ ಆಟೋ ಅತ್ಕೊಂಡು ಓಯ್ತು!"