ಅವ್ವ ನಿಲ್ಲದ ಫೋಟೋಗಳು

ಆ ಕಾಲದಲ್ಲಿ ಯಲಹಂಕದ ನಮ್ಮ ಬೀದಿಯಲ್ಲಿ ಫೋಟೋ ಅಂದರೆ ಒಂದೋ ದೇವರು, ಇಲ್ಲವೇ ಸತ್ತವರು. ಬದುಕಿದ್ದವರ ಮುಖವನ್ನು ಗೋಡೆಗೆ ಹಾಕುವ ರೂಢಿ ಇರಲಿಲ್ಲ. ಮದುವೆಯ ಹೊಸತರಲ್ಲಿ ಬೆಂಗಳೂರು ಪೇಟೆಗೆ ಹೋಗಿ ಸ್ಟುಡಿಯೋದಲ್ಲಿ ಗಂಡ ಹೆಂಡತಿ ನಿಂತು ತೆಗೆಸಿಕೊಂಡವರು ಎಲ್ಲೋ ಒಂದಿಬ್ಬರಿದ್ದರು. ಆ ಫೋಟೋ ನೋಡುವುದಕ್ಕೆಂದೇ ನಾವು ಮಕ್ಕಳು ಏನಾದರೂ ನೆಪ ಹೇಳಿಕೊಂಡು ಅವರ ಮನೆಗೆ ಹೋಗುತ್ತಿದ್ದೆವು. ಅಂಥ ಬೀದಿಗೆ ನನ್ನ ಅಣ್ಣ ನಾಗರಾಜ ಒಂದು ಕ್ಯಾಮೆರಾ ತಂದ.

ಅಣ್ಣ ಆಗ ಯಶವಂತಪುರದ ಒಂದು ಕಾರ್ಖಾನೆಗೆ ಸೇರಿ ವರ್ಷವಾಗಿತ್ತು. ಬೆಳಿಗ್ಗೆ ರೈಲು ಹತ್ತಿದರೆ ಮನೆಗೆ ಬರುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿದ್ದ ಆಂಗ್ಲೋ-ಇಂಡಿಯನ್ ಫೋರ್‌ಮನ್ ಒಬ್ಬರು ಕೆಲಸ ಬಿಟ್ಟು ಹೊರದೇಶಕ್ಕೆ ಹೋಗುವಾಗ, ಇವನ ಆಸೆ ನೋಡಿ ತಮ್ಮ ಹಳೆಯ ಡಬ್ಬಿ ಕ್ಯಾಮೆರಾವನ್ನು ಕೊಟ್ಟುಹೋಗಿದ್ದರು. ಕರಿ ಬಣ್ಣದ ಡಬ್ಬಿ. ಮುಂದೊಂದು ಗಾಜು, ಪಕ್ಕದಲ್ಲಿ ಫಿಲಂ ಸುರುಳಿ ತಿರುಗಿಸುವ ಕೀಲಿ, ಮೇಲೆ ಬೆಂಕಿಪೊಟ್ಟಣದಷ್ಟು ಕಿಟಕಿ. ಎದೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡಿದರೆ ನಮ್ಮ ಬೀದಿ, ಹುಣಸೆಮರ, ಎಮ್ಮೆ, ನೀರು ಹೊತ್ತು ಬರುವ ಹೆಂಗಸರು ಎಲ್ಲ ಅದರೊಳಗೆ ಪುಟ್ಟದಾಗಿ ಇರುತ್ತಿದ್ದರು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ನನಗೆ ಒಂಬತ್ತು ವರ್ಷ. ನೋಡಿ ನೋಡಿ ಕತ್ತು ನೋಯುತ್ತಿತ್ತೇ ಹೊರತು ಆಸೆ ತೀರುತ್ತಿರಲಿಲ್ಲ.

ನಮ್ಮ ಕಡೆ ಒಂದು ನಂಬಿಕೆಯಿತ್ತು. ಮೂರು ಜನ ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಂಡರೆ ಅವರಲ್ಲಿ ಒಬ್ಬರು ಉಳಿಯುವುದಿಲ್ಲ. ಮನೆಯಲ್ಲಿ ನಾವು ನಾಲ್ವರು: ಅಪ್ಪ, ಅವ್ವ, ಅಣ್ಣ, ನಾನು. ಅಣ್ಣನಿಗೂ ನನಗೂ ನಡುವೆ ಹುಟ್ಟಿದವು ಯಾವುವೂ ಉಳಿದಿರಲಿಲ್ಲ. ಅಣ್ಣ ಕ್ಯಾಮೆರಾ ಹಿಡಿದು ನಿಂತನೆಂದರೆ ಅದರ ಮುಂದೆ ಉಳಿಯುವವರು ಮೂವರು. ಇದು ಅಣ್ಣನ ತಲೆಗೆ ಹೊಳೆದಿರಲಿಲ್ಲ. ಮೊದಲ ಭಾನುವಾರ ಹಿತ್ತಲಿನ ಸೀಬೆಮರದ ಕೆಳಗೆ ನಮ್ಮನ್ನು ನಿಲ್ಲಿಸಿದಾಗ ಹೊಳೆದದ್ದು ಅವ್ವನಿಗೆ. ಅಪ್ಪ ಕೋಟು ಹಾಕಿ ಪೇಟ ಸುತ್ತಿದ್ದ. ಅವ್ವ ನನ್ನ ಜಡೆಗೆ ಕನಕಾಂಬರ ಮುಡಿಸಿ, ತಾನೂ ಮಡಿಕೆ ಮುರಿಯದ ಸೀರೆ ಉಟ್ಟು ಬಂದು ನಿಂತವಳು ತಟ್ಟನೆ ಪಕ್ಕಕ್ಕೆ ಸರಿದಳು.

“ಅಯ್ಯೋ, ಮೂರಾಯ್ತಲ್ಲೋ. ನಾನ್ ಈಚೆಗ್ ಬತ್ತೀನಿ. ಅಪ್ಪಂದೂ ಜಯಂದೂ ತಗಿ.”

“ಅದೆಲ್ಲ ಸುಳ್ಳು ಕಣವ್ವ. ಕಾರ್ಖಾನೇಲಿ ನಮ್ಮ ಫೋರ್‌ಮನ್ ದೊರೆ ಸೇರಿ ನಾವು ಮೂರು ಜನ ತೆಗೆಸ್ಕೊಂಡಿದೀವಿ. ಏನಾಯ್ತು?”

“ಏನಾಯ್ತು ಅಂತೀಯಲ್ಲ. ನಿಮ್ ದೊರೆ ಊರೇ ಬಿಟ್ ಓದ್ನಲ್ಲ.”

ಅಪ್ಪ ಪೇಟ ಜಾರುವಂತೆ ನಕ್ಕ. ಅಣ್ಣ ಬಿಡಲಿಲ್ಲ. “ಹೋಗ್ಲಿ, ನೀನೂ ಅಪ್ಪಾನೂ ಇಬ್ಬರೇ ನಿಂತ್ಕೊಳ್ಳಿ.”

“ಥೂ, ಮದ್ವೇಲೇ ನಿಂತ್ಕಳಿಲ್ಲ. ಈಗ ಎದೆಯುದ್ದ ಬೆಳೆದಿರೋ ಮಗನ್ ಮುಂದೆ ನಿಂತ್ಕತಾರಾ?”

“ಸರಿ. ಒಬ್ಬಳೇ ನಿಂತ್ಕೊ.”

“ಒಂಟಿ ಫೋಟೋ ಗೋಡೆಗೆ ನೇತಾಕಿ ಹೂವ ಮುಡಿಸಕ್ಕೆ ಕಣಪ್ಪ. ಅದಕ್ಕಿನ್ನೂ ಟೈಮದೆ.”

ಹೀಗೆ ಆ ದಿನದ ಫೋಟೋದಲ್ಲಿ ಅಪ್ಪ ಮತ್ತು ನಾನು ಇದ್ದೇವೆ. ಆಮೇಲಿನವುಗಳಲ್ಲೂ ಅಷ್ಟೆ. ಅವ್ವ ನಮ್ಮ ಕೂದಲು ತೀಡಿ, ಸೆರಗಿನಿಂದ ಮುಖ ಒರೆಸಿ, ಕೊನೆಯ ಗಳಿಗೆಯಲ್ಲಿ ಸರಿದುಬಿಡುತ್ತಿದ್ದಳು. ಒಂದು ಫೋಟೋದ ಅಂಚಿನಲ್ಲಿ ಅವಳ ಸೆರಗಿನ ತುದಿ ಬಿದ್ದಿದೆ.

ಕ್ಯಾಮೆರಾ ಮುಂದೆ ನಿಲ್ಲದವಳಿಗೆ ಫೋಟೋ ತೊಳೆಯುವುದೆಂದರೆ ಮಾತ್ರ ಹಬ್ಬ. ಅಣ್ಣ ಸ್ಟುಡಿಯೋದವರ ಬಳಿ ಕೇಳಿ ಕೇಳಿ ಆ ಕೆಲಸ ಕಲಿತಿದ್ದ. ಸಂಜೆ ಕತ್ತಲಾದ ಮೇಲೆ ನಮ್ಮ ಬಚ್ಚಲುಮನೆಯ ಕಿಂಡಿಗೆ ಗೋಣಿಚೀಲ ತುರುಕಿ, ಲಾಂದ್ರಕ್ಕೆ ಕೆಂಪು ಕಾಗದ ಸುತ್ತಿ, ಮೂರು ಪಿಂಗಾಣಿ ತಟ್ಟೆಗಳಲ್ಲಿ ಔಷಧಿಯ ನೀರು ಇಟ್ಟುಕೊಳ್ಳುತ್ತಿದ್ದ. ಹಂಡೆಯ ಹೊಗೆ, ಸೀಗೆಪುಡಿ, ಔಷಧಿಯ ಹುಳಿ ವಾಸನೆ ಸೇರಿ ಮೂಗು ಉರಿಯುತ್ತಿತ್ತು. ಲಾಂದ್ರ ಹಿಡಿಯುವುದು ಅವ್ವನ ಕೆಲಸ. ಬಿಳಿ ಕಾಗದವನ್ನು ತಟ್ಟೆಯೊಳಗೆ ಅದ್ದಿ ಅಲುಗಿಸುತ್ತಿದ್ದಂತೆ ಏನೂ ಇಲ್ಲದ ಕಡೆ ಒಂದು ನೆರಳು ಮೂಡುತ್ತಿತ್ತು. “ಬಂತು ಬಂತು, ನಿಮ್ಮಪ್ಪನ ಮೀಸೆ ಬಂತು. ಮೀಸೆನೇ ಮೊದ್ಲು ಬತ್ತದೆ ನೋಡು, ದವಲತ್ತು,” ಎಂದು ಅವ್ವ ಪಿಸುಗುಡುತ್ತಿದ್ದಳು. ಅಲ್ಲಿ ಯಾಕೆ ಪಿಸುಗುಡಬೇಕೋ ಗೊತ್ತಿಲ್ಲ. ನಾವೆಲ್ಲರೂ ಪಿಸುಗುಡುತ್ತಿದ್ದೆವು.

ಅಣ್ಣ ಸುಮ್ಮನೆ ಬಿಡುವವನಲ್ಲ. ಒಂದು ಭಾನುವಾರ ಪಕ್ಕದ ಮನೆಯ ಗೌರಕ್ಕನ ಮಗಳು ಸರೋಜಳನ್ನು ಕರೆದುಕೊಂಡು ಬಂದು ನನ್ನ ಪಕ್ಕ ನಿಲ್ಲಿಸಿದ. “ನೋಡವ್ವ, ನಾಲ್ಕಾಯ್ತು. ಇನ್ನೇನು ನೆಪ ಹೇಳ್ತೀಯ?” ಎಂದ. ಅವ್ವನಿಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಅಪ್ಪನಿಂದ ಒಂದು ಮೊಳ ದೂರದಲ್ಲಿ, ಸೆರಗು ಹೊದ್ದು ನಿಂತಳು. ಅಣ್ಣ ಹಿಂದೆ ಮುಂದೆ ನೋಡದೆ ಗುಂಡಿ ಒತ್ತಿದ. ಅಷ್ಟು ಸಂತೋಷ ಅವನಿಗೆ.

ಆ ಡಬ್ಬಿಯಲ್ಲಿ ಒಂದು ಫೋಟೋ ತೆಗೆದ ಮೇಲೆ ಕೀಲಿ ತಿರುಗಿಸಿ ಫಿಲಂ ಮುಂದಕ್ಕೆ ತರಬೇಕು. ಮರೆತರೆ ಒಂದರ ಮೇಲೆ ಇನ್ನೊಂದು ಬೀಳುತ್ತದೆ. ಬೆಳಿಗ್ಗೆ ಅವನು ಎಮ್ಮೆಯ ಫೋಟೋ ತೆಗೆದು, ಕೀಲಿ ತಿರುಗಿಸದೆ ಇಟ್ಟಿದ್ದ. ತೊಳೆದು ನೋಡಿದರೆ ಅಪ್ಪ, ನಾನು, ಸರೋಜ ಮೂವರ ಮುಖವೂ ಕಾಣುತ್ತಿತ್ತು. ಅವ್ವನ ಮುಖ ಇರಬೇಕಾದ ಕಡೆ ಬಿಸಿಲಿಗೆ ಬೆಳ್ಳಗೆ ಹೊಳೆಯುವ ಎಮ್ಮೆಯ ಹೊಟ್ಟೆ.

ಅವ್ವ ಬಚ್ಚಲಲ್ಲೇ ಕುಸಿದು ಕೂತು ನಕ್ಕಳು. “ನಿಮ್ಮಪ್ಪ ನನ್ನ ದಿನಾ ಎಮ್ಮೆ ಅಂತಿತ್ತು. ನೀನು ಫೋಟೋ ತೆಗ್ದು ತೋರಿಸ್ಬುಟ್ಟೆ ಬಿಡು ಮಗ.”

ಅಣ್ಣ ನಗಲಿಲ್ಲ. ಆ ರಾತ್ರಿ ಊಟಕ್ಕೂ ಬರಲಿಲ್ಲ. ಮುಂದಿನ ವಾರವೇ ಮತ್ತೆ ತೆಗೆಯುತ್ತೇನೆ ಅಂದ. ಆದರೆ ಅಷ್ಟರಲ್ಲಿ ಅವ್ವ ಬಸುರಿ ಅನ್ನುವುದು ಬೀದಿಗೆ ಗೊತ್ತಾಗಿತ್ತು. ಸಂಪಾದಿಸುವ ಮಗನಿರುವಾಗ ಮತ್ತೆ ಹೊಟ್ಟೆ ಬಂತಲ್ಲ ಎಂದು ಅವ್ವ ನೀರಿಗೆ ಹೋಗುವುದಕ್ಕೂ ನಾಚಿಕೊಳ್ಳುತ್ತಿದ್ದಳು. ಬಸುರಿಯ ಫೋಟೋ ತೆಗೆಯಬಾರದು ಎಂದು ಗೌರಕ್ಕ ಬೇರೆ ಹೇಳಿದಳು. ಅಣ್ಣ ಮುನಿಸಿಕೊಂಡ.

“ಸುಮ್ಕಿರು ನಾಗ,” ಅಂದಳು ಅವ್ವ. “ಇನ್ನೇನು, ಸ್ವಲ್ಪ ದಿನ. ಮಗ ಬಂದ್ಮೇಲೆ ನಾವೇ ನಾಲ್ಕು ಜನ ಆಯ್ತೀವಲ್ಲ, ಆಗ ಯಾರ್ ಮನೆ ಮಕ್ಕಳ್ನೂ ಕರ್ಕಂಬರಂಗಿಲ್ಲ. ಅದನ್ನ ತೊಡೆ ಮೇಲೆ ಆಕ್ಕಂಡು ಕುಂತ್ಕತೀನಿ. ಎಷ್ಟ್ ಬೇಕಾದ್ರೂ ತಗಿ.”

ಅಣ್ಣನಿಗೆ ಅದು ಒಪ್ಪಿಗೆಯಾಯಿತು. ಆ ದಿನಕ್ಕೆಂದೇ ಹೊಸ ಫಿಲಂ ಸುರುಳಿಯೊಂದನ್ನು ತಂದ. ಸೆಕೆಗೆ ಕೆಡಬಾರದೆಂದು ಅವ್ವ ಅದನ್ನು ಬಟ್ಟೆಯಲ್ಲಿ ಸುತ್ತಿ ರಾಗಿ ತುಂಬಿದ ಮಣ್ಣಿನ ವಾಡೆಯೊಳಗೆ ಹೂತಿಟ್ಟಳು. ರಾಗಿ ತೆಗೆಯುವಾಗಲೆಲ್ಲ ಕೈಗೆ ತಗುಲುತ್ತಿತ್ತು. “ಇನ್ನೂ ಐತೆ,” ಅನ್ನುತ್ತಿದ್ದಳು, ಅಣ್ಣನಿಗೆ ಕೇಳುವ ಹಾಗೆ.

ಹೆರಿಗೆಯಾದದ್ದು ಆಷಾಢದಲ್ಲಿ. ಗಾಳಿ ಹೆಂಚುಗಳನ್ನು ಎತ್ತಿ ಹಾಕುತ್ತಿತ್ತು. ನನ್ನನ್ನು ಗೌರಕ್ಕನ ಮನೆಗೆ ಕಳಿಸಿದ್ದರು. ಸೂಲಗಿತ್ತಿ ತನ್ನಿಂದ ಆಗುವುದಿಲ್ಲವೆಂದು ಕೈಚೆಲ್ಲಿದ ಮೇಲೆ ಅಪ್ಪ ಆಸ್ಪತ್ರೆಗೆಂದು ಗಾಡಿ ಕಟ್ಟಿದ. ಎತ್ತುಗಳ ಕೊರಳಿನ ಗಂಟೆ ಬಾಗಿಲ ತನಕ ಬಂದದ್ದು ನನಗೆ ಕೇಳಿತು. ಬಾಗಿಲು ಬಿಟ್ಟು ಹೋದದ್ದು ಕೇಳಲಿಲ್ಲ. ಗಂಡುಮಗು. ಅದೂ ಅಳಲಿಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ನಾನು ಬರುವ ಹೊತ್ತಿಗೆ ಅವ್ವನನ್ನು ಮೀಯಿಸಿ, ಅದೇ ಮಡಿಕೆ ಸೀರೆ ಉಡಿಸಿ, ಅರಿಸಿನ ಕುಂಕುಮ ಹಚ್ಚಿ, ಜಗುಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಕುತ್ತಿಗೆ ವಾಲದಂತೆ ಹಿಂದಿನಿಂದ ಬಟ್ಟೆ ಕಟ್ಟಿತ್ತು. ಜಕ್ಕೂರಿನಿಂದ ಬಂದಿದ್ದ ದೊಡ್ಡತ್ತೆ, ಅಪ್ಪನ ಅಕ್ಕ, ಅತ್ತು ಮುಗಿಸಿ ಅಣ್ಣನ ಹತ್ತಿರ ಬಂದಳು.

“ನಾಗ, ಅವಳ್ದೊಂದು ಫೋಟೋನೂ ಇಲ್ವಲ್ಲೋ. ನಾಳೆ ಏನಿಟ್ಟು ಎಡೆ ಆಕ್ತೀರ? ಒಂದು ತಗಿಯಪ್ಪ.”

“ನನ್ ಕೈಲಾಗಲ್ಲ ಅತ್ತೆ.”

ಅಪ್ಪ ತಲೆ ಎತ್ತದೆ ಹೇಳಿದ. “ತಗಿ ಮಗ. ನೀನಲ್ದೆ ಇನ್ಯಾರ್ ತಗೀತಾರೆ.”

ಅಣ್ಣ ಒಳಗೆ ಹೋಗಿ ವಾಡೆಯಲ್ಲಿ ಕೈ ಹಾಕಿದ. ಹೊರಗೆ ಬಂದಾಗ ತೋಳಿನ ತುಂಬ ರಾಗಿ ಅಂಟಿತ್ತು. ಫಿಲಂ ಹಾಕಿ ಕೀಲಿ ತಿರುಗಿಸಿದ. ಫಿಲಂ ಮುಂದಕ್ಕೆ ಬಂದಿದೆಯೇ ಎಂದು ಡಬ್ಬಿಯ ಹಿಂಬದಿಯ ಕೆಂಪು ಕಿಂಡಿಯಲ್ಲಿ ಅಂಕಿ ನೋಡಿದ. ಮತ್ತೆ ನೋಡಿದ. ದೊಡ್ಡತ್ತೆ ಬಟ್ಟೆ ಸುತ್ತಿದ ಮಗುವನ್ನು ತಂದು ಅವ್ವನ ತೊಡೆಯ ಮೇಲೆ ಇಟ್ಟಳು. ಅಪ್ಪನನ್ನು ಒಂದು ಪಕ್ಕಕ್ಕೆ, ನನ್ನನ್ನು ಇನ್ನೊಂದು ಪಕ್ಕಕ್ಕೆ ಕೂರಿಸಿದರು. ಯಾರೂ ಎಣಿಸಲಿಲ್ಲ. ನಾನೊಬ್ಬಳೇ ಎಣಿಸಿದೆನೋ ಏನೋ. ನಾವು ನಾಲ್ಕು ಜನ ಇದ್ದೆವು.

ಅಣ್ಣ ಡಬ್ಬಿಯನ್ನು ಎದೆಗೆ ಒತ್ತಿ ಬಗ್ಗಿದ. ಪ್ರತಿ ಸಲ ಹೇಳುವ ಹಾಗೆಯೇ, ಅಭ್ಯಾಸದಿಂದ, “ಯಾರೂ ಅಲ್ಲಾಡ್ಬೇಡಿ” ಅಂದ. ಅಂದವನು ಹಾಗೆಯೇ ಬಗ್ಗಿಕೊಂಡು ನಿಂತುಬಿಟ್ಟ. ಜಗುಲಿಯ ಮೇಲಿದ್ದ ಹೆಂಗಸರು ಅಳು ನಿಲ್ಲಿಸಿ ಕಾದರು. ಕೊನೆಗೆ ಟಕ್ ಎಂದು ಸಣ್ಣ ಸದ್ದಾಯಿತು.

ಮೂರು ದಿನದ ಹಾಲು-ತುಪ್ಪ ಕಳೆದ ಮೇಲೆ ಅವನು ಬಚ್ಚಲಿಗೆ ಹೋಗಿ ಅದನ್ನು ತೊಳೆದ. ಲಾಂದ್ರ ನಾನು ಹಿಡಿದೆ. ಮೋಡದ ದಿನವಾದ್ದರಿಂದ ಬೆಳಕು ಕಡಿಮೆ, ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕಾಗಿತ್ತಂತೆ. ಅಷ್ಟರಲ್ಲಿ ಅಪ್ಪ ಅಲುಗಿದ್ದ, ನಾನೂ ಅಲುಗಿದ್ದೆ. ಇಬ್ಬರೂ ಹೊಗೆಯ ಹಾಗೆ ಬಂದಿದ್ದೆವು. ಅವ್ವ ಮಾತ್ರ ಸ್ಪಷ್ಟವಾಗಿದ್ದಳು. ಕುಂಕುಮದ ಅಂಚು, ಓಲೆಯ ಹರಳು, ರೆಪ್ಪೆಯ ಒಂದೊಂದು ಕೂದಲು. ಅಣ್ಣ ತೆಗೆದ ಫೋಟೋಗಳಲ್ಲೆಲ್ಲ ಅಷ್ಟು ಚೆನ್ನಾಗಿ ಬಂದದ್ದು ಅದೊಂದೇ. ಅದನ್ನು ಅವನೇ ಹೇಳಿದ್ದು, ಬಹಳ ವರ್ಷಗಳ ಮೇಲೆ.

ಕಣ್ಣು ಮುಚ್ಚಿದ ಫೋಟೋ ಮನೆಯಲ್ಲಿ ಇಡಬಾರದು ಎಂದರು. ಆಗ ಪೇಟೆಯ ಸ್ಟುಡಿಯೋಗಳಲ್ಲಿ ಅದಕ್ಕೂ ಜನ ಇದ್ದರು. ಸತ್ತವರ ಮುಖವನ್ನು ಮಾತ್ರ ದೊಡ್ಡದು ಮಾಡಿ, ರೆಪ್ಪೆಯ ಮೇಲೆ ಕುಂಚದಿಂದ ತೆರೆದ ಕಣ್ಣು ಬರೆದುಕೊಡುತ್ತಿದ್ದರು. ಅಣ್ಣ ಹೋಗಿ ಎದುರಿಗೆ ಕೂತು, ಕಣ್ಣು ಹೇಗಿತ್ತು ಎಂದು ವಿವರಿಸಿ ಬರೆಸಿದ. ಕಟ್ಟು ಹಾಕಿಸಿ ತಂದಾಗ ಬೀದಿಯೆಲ್ಲ ನೋಡಲು ಬಂತು.

“ಥೇಟ್ ಪುಟ್ಟಮ್ಮನೇ ಕಣ್ರೀ, ಈಗ ಎದ್ದು ಮಾತಾಡ್ತಾಳೆ ಅನ್ನಂಗದೆ,” ಅಂದಳು ಗೌರಕ್ಕ.

“ಅಲ್ಲ,” ಅಂದ ಅಣ್ಣ. “ಅವ್ವನ ಕಣ್ಣು ಹಿಂಗಿರ್ಲಿಲ್ಲ.”

ಅಪ್ಪ ಫೋಟೋವನ್ನು ಬಹಳ ಹೊತ್ತು ನೋಡಿದ. “ಓಗ್ಲಿ ಬಿಡಪ್ಪ. ಮೊಳೆ ಹೊಡಿ.”

ಅಣ್ಣ ಫೋಟೋ ತೆಗೆಯುವುದನ್ನು ಬಿಡಲಿಲ್ಲ. ಆ ಡಬ್ಬಿ ಕೆಟ್ಟ ಮೇಲೆ ಬೇರೆ ಕ್ಯಾಮೆರಾ ಬಂತು, ಮದುವೆ ಮಕ್ಕಳು ಆದವು, ಆ ಮನೆ ಹೋಗಿ ಆರ್.ಟಿ. ನಗರದಲ್ಲಿ ಬೇರೆ ಮನೆಯಾಯಿತು. ಆದರೆ ಯಾರನ್ನೂ ನಿಲ್ಲಿಸಿ, ಕೂರಿಸಿ ತೆಗೆಯಲಿಲ್ಲ. ಅತ್ತಿಗೆ ಸೊಪ್ಪು ಬಿಡಿಸುತ್ತಿರುವುದು, ಮಕ್ಕಳು ಬೆನ್ನು ಹಾಕಿ ಓಡುತ್ತಿರುವುದು, ನಾನು ಬಾಯ್ತುಂಬ ಊಟ ಮಾಡುತ್ತಿರುವುದು, ಇಂಥವೇ. ಅರ್ಧಕ್ಕರ್ಧ ಮಸುಕು. “ಒಂದು ಸಲ ಹೇಳಿ ತೆಗೀಬಾರ್ದಾ?” ಎಂದು ಅತ್ತಿಗೆ ಬೈಯುತ್ತಿದ್ದರು. ಅವನು ನಗುತ್ತಿದ್ದ.

ನನ್ನ ಮನೆಗೆ ಬಂದಾಗಲೆಲ್ಲ, ನಾನು ತಂದಿಟ್ಟುಕೊಂಡಿದ್ದ ಅವ್ವನ ಫೋಟೋದ ಮುಂದೆ ನಿಲ್ಲುತ್ತಿದ್ದ. “ಇದಲ್ಲ ಜಯ. ಇವು ಯಾರದೋ ಕಣ್ಣು. ಅವ್ವನ ಎಡಗಣ್ಣು ಒಂಚೂರು ಸಣ್ಣದು. ನಕ್ಕರೆ ಅದೊಂದು ಪೂರ್ತಿ ಮುಚ್ಚಿ ಹೋಗ್ತಿತ್ತು. ಆ ಸ್ಟುಡಿಯೋದವನಿಗೆ ಎಷ್ಟು ಹೇಳ್ದೆ, ಎರಡನ್ನೂ ಒಂದೇ ಸಮ ಬರೆದ.” ನಾನು ಹೌದು ಅನ್ನುತ್ತಿದ್ದೆ. ನನಗೆ ನೆನಪಿತ್ತೋ, ಅವನು ಹೇಳಿ ಹೇಳಿ ನೆನಪಾಗಿತ್ತೋ ತಿಳಿಯದು.

ಅಣ್ಣ ಹೋಗಿ ವರ್ಷವಾಗುತ್ತ ಬಂತು. ಅವನ ಫೋಟೋಗಳಿಗೇನೂ ಕೊರತೆಯಿಲ್ಲ, ಮಕ್ಕಳ ಮೊಬೈಲುಗಳಲ್ಲಿ ನೂರಾರಿವೆ. ನಾನು ಕಳೆದುಕೊಂಡದ್ದು ಬೇರೆ. ಅವ್ವನನ್ನು ನೆನೆಸಿಕೊಳ್ಳಲು ನೋಡುತ್ತೇನೆ. ನನ್ನ ತಲೆ ಬಾಚುತ್ತಿದ್ದ ಅವಳ ಕೈ ಬರುತ್ತದೆ, ಪಿಸುದನಿ ಬರುತ್ತದೆ. ಮುಖಕ್ಕೆ ಬಂದ ಕೂಡಲೇ ಒಂದೇ ಸಮನಾದ ಆ ಎರಡು ಕಣ್ಣುಗಳು ನನ್ನನ್ನು ನೋಡುತ್ತವೆ. ಇದಲ್ಲ ಎನ್ನುತ್ತಿದ್ದ ಒಬ್ಬನೂ ಈಗಿಲ್ಲ.

ಮನೆಗೆ ಬಂದವರು ಗೋಡೆ ನೋಡಿ, “ನಿಮ್ಮ ತಾಯೀನಾ? ಕಣ್ಣು ಎಷ್ಟು ಚೆನ್ನಾಗಿದೆ,” ಅನ್ನುತ್ತಾರೆ.

ಹೌದು ಅನ್ನುತ್ತೇನೆ.